ಮಡಕೆಯ ಒಳಗಿನ ಲೇಪ

ಪ್ರಯೋಗದಲ್ಲಿ ಕಂಡದ್ದನ್ನು ಬರೆಯಬೇಕು, ಕಾಣಬೇಕಿತ್ತು ಅಂದುಕೊಂಡದ್ದನ್ನಲ್ಲ. ಶಿಕಾರಿಪುರದ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದಷ್ಟು ಕಾಲವೂ ಇದನ್ನೇ ಹೇಳಿದೆ. ನನ್ನ ಮಗಳೂ ಅದೇ ಶಾಲೆಯ ಬೆಂಚಿನಲ್ಲಿ ಕೂತು ಕೇಳಿದವಳು.

ಅವಳ ಸಂಶೋಧನೆ ನ್ಯಾನೋ ವಸ್ತುಗಳದು. ಖನಿಜವನ್ನೂ ಜೀವಿಗಳಿಂದ ಸಿಗುವ ಅಂಟನ್ನೂ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಬೆಸೆದು, ಮಡಕೆಯ ಒಳಮೈಗೆ ಬಳಿಯುವುದು. ಖನಿಜ ಒಂದೇ ಆದರೆ ಉದುರುತ್ತದೆ, ಅಂಟು ಒಂದೇ ಆದರೆ ನೀರಿನಲ್ಲಿ ಉಬ್ಬಿ ಏಳುತ್ತದೆ, ಎರಡೂ ಕೂಡಿದರೆ ನಿಲ್ಲುತ್ತದೆ. ಬೋರಿನ ನೀರಿನಲ್ಲಿರುವ ಕಬ್ಬಿಣವನ್ನು ಆ ಲೇಪ ಹಿಡಿದಿಟ್ಟುಕೊಳ್ಳುತ್ತಿತ್ತು. ಮನೆಬಳಕೆಯಲ್ಲೂ ಅದು ನಿಂತರೆ ಅವಳ ಪಿಎಚ್‌ಡಿ ಮುಗಿದಂತೆ.

ಸೊರಬದ ಕಡೆ ಜಡೆ ಎಂಬ ಊರಿನಲ್ಲಿ ನನ್ನ ತಂಗಿಯ ಮನೆ. ಅವಳ ಕೇರಿಯ ಬೋರಿನ ನೀರು ತಂಬಿಗೆಯನ್ನೂ ಕೆಂಪು ಮಾಡುತ್ತದೆ. ಮಗಳು ಅಲ್ಲಿ ಮನೆಮನೆಗೂ ಮಡಕೆ ಕೊಟ್ಟಳು. ನೀರು ತಿಳಿಯಾಯಿತು. ಹೆಂಗಸರು ಹೊಗಳಿದರು, ದೇವರ ಪೂಜೆಗೂ ಅದೇ ನೀರು ಬಳಸತೊಡಗಿದರು. ಒಂದು ದಿನ ತಂಗಿ ಅವಳನ್ನು ಕೇಳಿದಳು: "ಅಲ್ವೇ, ಒಳಗೆ ಎಂತ ಬಳಿದೀಯ?"

"ಜೇಡಿಮಣ್ಣು ಚಿಕ್ಕಮ್ಮ, ಮತ್ತೆ ಒಂದು ಅಂಟು."

"ಅಂಟು ಎಂತದ್ರದ್ದು?"

"ಸೀಗಡಿ ಸಿಪ್ಪೆಯಿಂದ ತೆಗೆದದ್ದು."

ಮಾಂಸ ಮುಟ್ಟದ ಕೇರಿ ಅದು. ಸಂಜೆಯೊಳಗೆ ಮಡಕೆಗಳೆಲ್ಲ ಬೀದಿಯಲ್ಲಿ ಬೋರಲಾಗಿದ್ದವು. ತಂಗಿ ನೀರಿನ ಕಟ್ಟೆಯನ್ನು ಸಗಣಿ ಹಾಕಿ ಸಾರಿಸಿದಳು. "ನೀರಿಗೆ ಮೀನು ಹಾಕಿ ಕುಡಿಸಿದ್ಲಲ್ಲಕ್ಕ ನಿನ್ನ ಮಗಳು!" ಎಂದು ನನಗೆ ಫೋನಿನಲ್ಲಿ ಕೂಗಿದಳು. ಮಗಳು ಒಂದೊಂದೇ ಮನೆಗೆ ಹೋಗಿ ಕ್ಷಮೆ ಕೇಳಿದಳು.

ಅವಳ ಮಾರ್ಗದರ್ಶಕರು ಬೈದದ್ದು ಬೇರೆ ಕಾರಣಕ್ಕೆ. "ನ್ಯಾಚುರಲ್ ಅಂದಿದ್ರೆ ಸಾಕಿತ್ತಲ್ಲಮ್ಮ. ಸುಳ್ಳೂ ಆಗ್ತಿರಲಿಲ್ಲ." ಅರ್ಧಕ್ಕೆ ನಿಂತ ಪ್ರಯೋಗಕ್ಕೆ ಬೆಲೆಯಿಲ್ಲ ಎಂದು ಆ ಕೆಲಸವನ್ನು ಇನ್ನೊಬ್ಬ ವಿದ್ಯಾರ್ಥಿಗೆ ವಹಿಸಿದರು. ಮಗಳು ಸಂಶೋಧನೆ ಬಿಟ್ಟಳು. ಈಗ ಖಾಸಗಿ ಶಾಲೆಯೊಂದರಲ್ಲಿ ಮಕ್ಕಳಿಗೆ ಗೈಡ್ ಪುಸ್ತಕದ ಉತ್ತರ ಬರೆಸುತ್ತಾಳೆ. ನಾನು ಕಲಿಸಿದ್ದನ್ನು ನನ್ನ ಮುಂದೆ ಒಮ್ಮೆಯೂ ಎತ್ತಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಮೊನ್ನೆ ಜಡೆಗೆ ಹೋಗಿದ್ದೆ. ಸಾರಿಸಿದ ಅದೇ ಕಟ್ಟೆಯ ಮೇಲೆ ಅಂಥದೇ ಮಡಕೆ. ತಂಗಿ ಲೋಟ ತುಂಬಿ ಕೊಟ್ಟಳು.

"ಕುಡಿಯಕ್ಕ. ಇದು ಬೇರೆ ಹುಡುಗ ಕೊಟ್ಟಿದ್ದು. ನ್ಯಾಚುರಲ್ಲಂತೆ."

"ಯಾವುದರಿಂದ ಮಾಡಿದ್ದು ಅಂತ ಕೇಳಿದ್ಯಾ?"

"ಅಷ್ಟೆಲ್ಲ ಯಾರು ಕೇಳ್ತಾರೆ? ಕೇಳಿದ್ರೆ ಮತ್ತೆ ಆ ಕೆಂಪು ನೀರೇ ಗತಿ."

"ನನ್ನ ಮಗಳನ್ನ ಕೇಳಿದ್ರಲ್ಲ?"

ತಂಗಿ ಸೆರಗಿನಿಂದ ಮಡಕೆಯ ಬಾಯಿ ಒರೆಸಿದಳು.

"ಅದೇ ಲೇಪ ಕಣೇ ಇದು. ಅದೇ ಸಿಪ್ಪೆ," ಎಂದೆ.

"ತಡಿ, ಹಾಲು ಉಕ್ಕತ್ತೆ," ಎನ್ನುತ್ತ ಅಡುಗೆಮನೆಗೆ ಹೋದಳು. ನಾನು ಕೂತಲ್ಲಿಂದ ಒಲೆ ಕಾಣುತ್ತಿತ್ತು. ಒಲೆ ಹೊತ್ತಿಸಿಯೇ ಇರಲಿಲ್ಲ.