ವಿಚಾರಿಸಿ ಹೋದವರು ಹೇಳಬೇಕಾದ ಮಾತು

ಆಂಧ್ರದ ಹಿಂದೂಪುರದಲ್ಲಿ ರಾಜ್ಯಸಭಾ ಸದಸ್ಯೆಯೊಬ್ಬರ ಕಚೇರಿಯಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ಕನ್ನಡ, ತೆಲುಗು, ಇಂಗ್ಲಿಷ್ ಮೂರೂ ಬರುತ್ತಿದ್ದುದೇ ನನ್ನ ಅರ್ಹತೆ. ಪಿಂಚಣಿ, ರೇಷನ್ ಕಾರ್ಡು, ನಮ್ಮೂರಲ್ಲೂ ರೈಲು ನಿಲ್ಲಿಸಿ ಅನ್ನುವ ಅರ್ಜಿ, ಇವೇ ನಮ್ಮ ಕೆಲಸ. ಒಂದು ವರ್ಷ ಮೇಡಂಗೆ ಬೇರೆಯದೇ ವಿಷಯ ತಲೆಗೆ ಹತ್ತಿತು. ದೇಶದ ಗುಪ್ತಚರ ಸಂಸ್ಥೆಗಳ ಮೇಲೆ ಸಂಸತ್ತಿನ ಕಣ್ಣಿರಬೇಕು, ಅದಕ್ಕೊಂದು ಖಾಸಗಿ ಸದಸ್ಯರ ಮಸೂದೆ ತರುತ್ತೇನೆ ಅಂದರು.

ಕಲ್ಯಾಣದುರ್ಗದಲ್ಲಿ ಅಹವಾಲು ಸಭೆಯಿತ್ತು. ಕಾರಿನಲ್ಲೇ ಮುಖ್ಯ ಅಂಶಗಳನ್ನು ಬರೆಸಿದರು. ಈ ಸಂಸ್ಥೆಗಳಿಗೆ ಒಂದು ಕಾನೂನು, ಅವುಗಳ ಕೆಲಸ ನೋಡಲು ಎರಡೂ ಸದನಗಳ ಸಮಿತಿ, ಫೋನು ಕದ್ದು ಕೇಳಬೇಕಾದರೆ ನ್ಯಾಯಾಧೀಶರ ಅನುಮತಿ. ರೊದ್ದಂ ದಾಟುವಷ್ಟರಲ್ಲಿ ಪಟ್ಟಿ ಮುಗಿಯಿತು.

"ಇದೆಲ್ಲ ನಮ್ಮ ಕಡೆ ಜನಕ್ಕೆ ಬೇಕಾ ಮೇಡಂ?" ಅಂದೆ.

"ನಿನಗೆ ಬೇಡವಾ?" ಅಂದರು.

ಸಭೆಯಲ್ಲಿ ಬಟ್ಟೆ ಹೊಲಿಯುವ ಒಬ್ಬ ಹೆಂಗಸು ಎದ್ದು ನಿಂತಳು. ಅವಳ ಗಂಡ ಬೋರ್‌ವೆಲ್ ಕೊರೆಯುವವನು, ಎರಡು ವರ್ಷ ಆಫ್ರಿಕಾದಲ್ಲಿ ರಿಗ್ ಓಡಿಸಿ ಬಂದಿದ್ದ. ಪಾಸ್‌ಪೋರ್ಟ್ ನವೀಕರಣಕ್ಕೆ ಅರ್ಜಿ ಹಾಕಿದ ಮೇಲೆ ಮಫ್ತಿಯಲ್ಲಿ ಇಬ್ಬರು ಬಂದು, ಬೀದಿಯ ಅಂಗಡಿಗಳಲ್ಲಿ ಅವನೆಂಥವನು, ಮನೆಗೆ ಯಾರು ಬರುತ್ತಾರೆ ಅಂತ ವಿಚಾರಿಸಿ ಹೋಗಿದ್ದರು.

"ಯಾವ ಇಲಾಖೆಯವರಮ್ಮ?" ಮೇಡಂ ಕೇಳಿದರು.

"ಯಾರಿಗ್ಗೊತ್ತು? ಸ್ಟೇಷನ್‌ನಾಗೆ ನಮ್ಮೋರಲ್ಲ ಅಂದ್ರು. ಪಾಸ್‌ಪೋರ್ಟ್ ಆಫೀಸ್ನೋರು ರಿಪೋರ್ಟ್ ಬಂದಿಲ್ಲ ಅಂದ್ರು. ಕೇಳ್ಲಿ ಕಣಮ್ಮ, ಅದವರ ಕೆಲ್ಸ, ನಾವೇನು ಬ್ಯಾಡ ಅಂದ್ವಾ? ಆದ್ರೆ ಬೀದಿ ತುಂಬಾ ಕೇಳ್ಬುಟ್ಟು ಹೋದೋರು, ಆಮ್ಯಾಕೆ 'ಏಮೀ ಲೇದು', ಏನೂ ಇಲ್ಲ ಅಂತ ಒಬ್ರಿಗಾದ್ರೂ ಹೇಳಿದ್ರಾ? ಈಗ ನನ್ತಾವ ಬ್ಲೌಸ್ ಹೊಲಿಯಾಕೂ ಯಾರೂ ಕೊಡಾಕಿಲ್ಲ."

ಅವಳ ಪಕ್ಕ ಕೂತಿದ್ದವಳು ಸ್ವಲ್ಪ ಸರಿದು ಕೂತಳು. ಅದನ್ನು ನಾನೂ ನೋಡಿದೆ, ಮೇಡಮ್ಮೂ ನೋಡಿದರು.

ವಾಪಸ್ ಬರುವಾಗ ಹೊಸದೊಂದು ಅಂಶ ಹೇಳಿದರು. ವಿಚಾರಣೆಯಿಂದ ತೊಂದರೆಯಾದವರು ದೂರು ಕೊಡಲು ಒಂದು ಜಾಗ ಇರಬೇಕು, ಏನೂ ಸಿಗದಿದ್ದರೆ ಅದನ್ನು ಅವರಿಗೆ ಬರೆದು ತಿಳಿಸಬೇಕು.

"ಕೊನೆಗೆ ಸೇರಿಸಲಾ?"

"ಬೇಡ, ಮೊದಲನೆಯದಾಗಿ."

ಕರಡು ತಿದ್ದಿಕೊಟ್ಟ ದಿಲ್ಲಿಯ ವಕೀಲರು ಈ ಅಂಶವನ್ನು ಎರಡು ಸಲ ತೆಗೆದುಹಾಕಿದರು; ಗುಪ್ತಚರರು ಬಂದುಹೋದದ್ದನ್ನೇ ಒಪ್ಪುವುದಿಲ್ಲ, ಇನ್ನು ಪತ್ರ ಬರೆಯುತ್ತಾರೆಯೇ ಅಂದರು. ಮೇಡಂ ಎರಡು ಸಲವೂ ನನ್ನಿಂದ ವಾಪಸ್ ಟೈಪ್ ಮಾಡಿಸಿದರು.

ಆ ಹೆಂಗಸಿನ ಗಂಡನ ಬಗ್ಗೆ ಕೇಂದ್ರ ಗೃಹ ಸಚಿವಾಲಯಕ್ಕೂ ಬರೆದಿದ್ದೆವು. ನಾಲ್ಕು ತಿಂಗಳ ಮೇಲೆ ಆಕ್ಷೇಪಣೆ ಇಲ್ಲ ಎಂಬ ಎರಡು ಸಾಲಿನ ಉತ್ತರ ಬಂತು, ಹಿಂದೆಯೇ ಪಾಸ್‌ಪೋರ್ಟೂ ಬಂತು. ಹೆಂಗಸು ನಾವು ಕಳಿಸಿದ ಆ ಪತ್ರದ ಜೆರಾಕ್ಸನ್ನು ತನ್ನ ಹೊಲಿಗೆ ಅಂಗಡಿ ಬಾಗಿಲಿಗೆ ಅಂಟಿಸಿದಳು. ಗಂಡ ಅದೇ ದಿನ ಕಿತ್ತುಹಾಕಿದನಂತೆ. "ಗೊತ್ತಿಲ್ದೋರಿಗೂ ಗೊತ್ತಾಗ್ಲಿ ಅಂತಾನಾ?" ಅಂದನಂತೆ. ಫೋನಿನಲ್ಲಿ ಇದನ್ನು ಹೇಳುವಾಗ ಅವಳಿಗೆ ನಗುವೂ ಬಂತು, ಅಳುವೂ ಬಂತು.

ಮಸೂದೆ ಒಂದು ಶುಕ್ರವಾರ ಮಂಡನೆಯಾಯಿತು. ಚರ್ಚೆಗೆ ಬರಲೇ ಇಲ್ಲ. ಮೇಡಂ ಅವಧಿ ಮುಗಿದಾಗ ಅದೂ ಬಿದ್ದುಹೋಯಿತು. ಕಚೇರಿ ಖಾಲಿ ಮಾಡುವ ದಿನ ಬೇಜಾರಾಯಿತಾ ಅಂತ ಕೇಳಿದೆ.

"ಆಯಿತು. ಕರಡು ನಿನ್ನ ಹತ್ತಿರ ಇಟ್ಟುಕೋ. ಮುಂದೆ ಬರುವವರು ಯಾರಾದರೂ ಕೇಳಿದರೆ ಕೊಡು," ಅಂದರು.

ಇಟ್ಟುಕೊಂಡಿದ್ದೇನೆ. ಇದುವರೆಗೆ ಯಾರೂ ಕೇಳಿಲ್ಲ.