ಕಟ್ಟೆ ಮುಟ್ಟದೆ ಬಂದ ನೀರು

ಒಣಗಿದ ಕೆಸರು ಟೈರಿನ ಕೆಳಗೆ ಹಪ್ಪಳದ ಹಾಗೆ ಮುರಿಯುವ ಸದ್ದು. ಕಬಿನಿಯ ಹಿನ್ನೀರು ಇಳಿದ ಬಯಲಿಗೆ ನನ್ನ ಹಳೇ ವ್ಯಾನನ್ನು ಮೊದಲ ಸಲ ಇಳಿಸಿದಾಗ ಕೇಳಿದ್ದು ಅದು. ಜೀವವಿರುವ ಯಾವುದರದೋ ಮೇಲೆ ಗಾಡಿ ಹತ್ತಿಸಿಬಿಟ್ಟೆನೆಂದು ಹೆದರಿ ಬ್ರೇಕ್ ಒತ್ತಿದ್ದೆ. ಇಳಿದು ನೋಡಿದರೆ ಬರೀ ಮಣ್ಣು. ಅಂಗೈಯಗಲದ ಬಿಲ್ಲೆಗಳಾಗಿ ಸೀಳಿ, ಅಂಚು ಮೇಲೆತ್ತಿಕೊಂಡು, ಕಣ್ಣು ಹಾಯುವ ತನಕ ಮಣ್ಣು. ನಡುನಡುವೆ ಎಂದೋ ಮುಳುಗಿ ಸತ್ತ ಮರಗಳ ಕರಿಯ ಬೊಡ್ಡೆಗಳು.

ಅರವತ್ತೆಂಟರ ಹೆಂಗಸು ಒಬ್ಬಳೇ ವ್ಯಾನಿನಲ್ಲಿ ಮಲಗಿಕೊಂಡು ಊರೂರು ತಿರುಗುವುದಕ್ಕೆ ನಮ್ಮ ಕಡೆ ಒಳ್ಳೆಯ ಹೆಸರಿಲ್ಲ. ಆದರೂ ತಿರುಗಿದೆ. ಮೈಸೂರಿನ ಕಾನ್ವೆಂಟೊಂದರಲ್ಲಿ ಓದಿ, ಇನ್ನೊಂದರಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು ನಾನು. ಆಮೇಲೆ ಹೊರದೇಶದ ಕಂಪನಿಯೊಂದಕ್ಕೆ ಪಾಠಪುಸ್ತಕಗಳ ಇಂಗ್ಲಿಷ್ ತಿದ್ದಿಕೊಡುವ ಕೆಲಸ ಸಿಕ್ಕಿತು. ಲ್ಯಾಪ್‌ಟಾಪ್ ಇದ್ದರಾಯಿತು, ಎಲ್ಲಿಂದ ಬೇಕಾದರೂ ಮಾಡಿ ಮ್ಯಾಮ್ ಅಂದರು. ಆ ‘ಎಲ್ಲಿಂದ ಬೇಕಾದರೂ’ ಎಂಬುದನ್ನು ನಾನು ಲಿಟರಲ್ ಆಗಿ ತೆಗೆದುಕೊಂಡೆ. ಹಿಂದಿನ ಸೀಟು ಕೀಳಿಸಿ ಹಾಸಿಗೆ ಹಾಸಿದೆ. ಹುಣಸೂರಿನಲ್ಲಿ ಲಕ್ಷ್ಮಣತೀರ್ಥದ ದಡ, ಪಿರಿಯಾಪಟ್ಟಣದ ಹೊರಗಿನ ಗೋಮಾಳ, ಕೆ.ಆರ್. ನಗರದ ನಾಲೆ ಏರಿ. ಸರ್ಕಾರದ ನೆಲ, ಕೇಳಿದವರಿಗೊಂದು ನಮಸ್ಕಾರ, ಸಿಗ್ನಲ್ ಇದ್ದ ಕಡೆ ಆಫೀಸು. ಹಾಗೆ ಸುತ್ತುತ್ತಾ ಬೇಸಿಗೆಯ ಕೊನೆಗೆ ಕೋಟೆ ತಾಲ್ಲೂಕಿನ ಬೇಗೂರು ಕಡೆಗೆ ಬಂದೆ. ಕತ್ತಲಾಗುವ ಮುಂಚೆ ಮೇಲೆ ಹತ್ತಿ ರಸ್ತೆ ಬದಿಗೆ ಹೋಗಿಬಿಡಬೇಕು, ಕಾಡು ಪಕ್ಕದಲ್ಲೇ ಇದೆ ಎಂದು ಎಲ್ಲರೂ ಎಚ್ಚರಿಸಿದ್ದರು. ಹಗಲು ಮಾತ್ರ ಬಯಲಿನ ಇಳಿಜಾರಿನಲ್ಲಿ ವ್ಯಾನ್ ನಿಲ್ಲಿಸುತ್ತಿದ್ದೆ. ಸಿಗ್ನಲ್ ಸಿಗುತ್ತಿದ್ದದ್ದು ಅಲ್ಲಿ ಮಾತ್ರ.

ಎದುರಿಗೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಹುಲ್ಲು ಬೆಳೆದ ಒಂದು ದಿಬ್ಬ. ನನ್ನ ವಯಸ್ಸಿನ ಒಬ್ಬ ಹೆಂಗಸು ದಿನಾ ಬೆಳಿಗ್ಗೆ ತನ್ನ ಹಸುವನ್ನು ಅಲ್ಲಿಗೆ ಹೊಡೆದುಕೊಂಡು ಬರುತ್ತಿದ್ದಳು. ತುಂಬು ಗಬ್ಬದ ಹಸು. ಮನೆಯಲ್ಲಿ ಆಕೆಯೂ ಅದೂ ಇಬ್ಬರೇ. ಎರಡನೆಯ ದಿನವೇ ಬಂದು ವ್ಯಾನಿನೊಳಗೆ ಇಣುಕಿದಳು.

“ಇದ್ರೊಳ್ಗೆ ಮನಿಕತೀಯಂತಲ್ಲವ್ವ, ಮನೇಲಿ ಮಂಚ ಮುರುದೋಗದಾ?”

“ಮಂಚ ಇದೆ, ನಿದ್ದೆ ಇಲ್ಲ,” ಎಂದೆ.

“ಆ ಪೆಟ್ಟಿಗೆ ಮುಂದೆ ಅದೇನ್ ಒಬ್ಳೇ ಮಾತಾಡ್ತೀಯ ದಿನಾ? ಯಾರ್ನಾದ್ರೂ ಬಯ್ಯದಾದ್ರೆ ಕನ್ನಡದಲ್ ಬಯ್ಯಿ, ನಾನೂ ಸೇರ್ಕತೀನಿ.”

ಅಂದಿನಿಂದ ಕಾಫಿ ಕುಡಿಯಲು ಬರತೊಡಗಿದಳು. ಡ್ಯಾಂ ಕಟ್ಟಿದಾಗ ಮುಳುಗಿದ ಊರು ಅವಳದು. ಆಗಿನ್ನೂ ಮದುವೆಯಾಗದ ಹುಡುಗಿಯಂತೆ. ಬರಿಯ ಬಯಲನ್ನು ತೋರಿಸಿ, ಇದು ನಮ್ಮಟ್ಟಿ, ಇಲ್ಲಿ ಬಾವಿ, ಇಲ್ಲಿ ನಮ್ಮಪ್ಪನ ಕಣ ಎನ್ನುವಳು. ನನಗೆ ಕಾಣುತ್ತಿದ್ದದ್ದು ಒಂದೇ, ದಿಬ್ಬದ ಆಚೆ ಹೊಳೆಯ ಕಡೆಗಿದ್ದ ಹಳೆಯ ಅರಳೀಕಟ್ಟೆ. ಮರ ಹೋಗಿ ಕಲ್ಲುಗಳಷ್ಟೇ ಉಳಿದಿದ್ದವು. ಬಯಲಿನಲ್ಲಿ ದನ ಮೇಯಿಸುವವರಿಗೆಲ್ಲ ಅದೇ ಕ್ಯಾಲೆಂಡರ್. ಮಳೆ ಬೀಳುವುದು ವಯನಾಡಿನಲ್ಲಿ, ಏರುವುದು ಇಲ್ಲಿಯ ನೀರು; ಇಲ್ಲಿ ಒಂದು ಹನಿಯೂ ಬೀಳದೆ ಹೊಳೆ ಹಿಂದಕ್ಕೆ ತುಂಬಿಕೊಂಡು ಬರುತ್ತದೆ. ಬಂದ ನೀರು ಮೊದಲು ಕಟ್ಟೆ ಮುಟ್ಟುತ್ತದೆ. ಮುಟ್ಟಿದ ಮೇಲೆ ದಿಬ್ಬಕ್ಕೆ ಬರಲು ನಾಲ್ಕು ದಿನ ಬೇಕು. ಆಕೆಯ ಅಪ್ಪನಿಗೂ ಗೊತ್ತಿದ್ದ ಲೆಕ್ಕವದು, ಒಂದು ವರ್ಷವೂ ತಪ್ಪಿರಲಿಲ್ಲ.

ಆ ವರ್ಷ ಯುಗಾದಿಯಿಂದ ಟ್ರಾಕ್ಟರುಗಳು ದಿಬ್ಬದ ಹಿಂದೆ, ಅಂದರೆ ದಿಬ್ಬಕ್ಕೂ ನನ್ನ ವ್ಯಾನಿಗೂ ನಡುವೆ, ಹೊಲಕ್ಕೆ ಹಾಕಲು ಗೋಡುಮಣ್ಣು ತೋಡಿ ಒಯ್ದಿದ್ದವು. ಆಕೆಯೂ ತನ್ನ ಹೊಲಕ್ಕೆ ಹೊಡೆಸಿಕೊಂಡಿದ್ದಳು. ಒಂದು ಕಡೆಯಿಂದ ತೋಡುತ್ತಾ ತೋಡುತ್ತಾ ಹೊಳೆಯ ತನಕ ಉದ್ದದ ಕಾಲುವೆಯಂಥದೊಂದು ಆಗಿತ್ತು. ದಿನಾ ಅದರಲ್ಲಿ ಇಳಿದು ಹತ್ತಿ ನನ್ನ ಹತ್ತಿರ ಬರುತ್ತಿದ್ದವಳು ಅವಳೇ. ಅದನ್ನು ಕಾಲುವೆ ಎಂದು ಅವಳೂ ಕಾಣಲಿಲ್ಲ, ನಾನೂ ಕಾಣಲಿಲ್ಲ.

ಜೂನಿನ ಮೊದಲ ದಿನಗಳು. ನಾಲ್ಕು ದಿನದಿಂದ ಗಾಳಿ ನಿಂತುಬಿಟ್ಟಿತ್ತು. ಬೆಳಿಗ್ಗೆ ಬಯಲಿಗೆ ಬಂದು ವ್ಯಾನಿನಿಂದಿಳಿದಾಗ ಕಾಲ ಕೆಳಗೆ ಮಣ್ಣು ಮುರಿಯಲಿಲ್ಲ, ಮೆತ್ತಗೆ ಒಳಕ್ಕೆ ಹೋಯಿತು. ಇಬ್ಬನಿ ಇರಬೇಕು ಅಂದುಕೊಂಡೆ. ಬಕಗಳು ಯಾವತ್ತಿಗಿಂತ ಮೇಲಕ್ಕೆ ಬಂದು ಸುಮ್ಮನೆ ನಿಂತಿದ್ದವು. ದಿಬ್ಬದ ಮೇಲೆ ಹಸು ಮಲಗುವುದು, ಏಳುವುದು, ತಿರುಗಿ ಮಲಗುವುದು ಮಾಡುತ್ತಿತ್ತು. ಹೆಂಗಸು ಕೂಗಿ ಹೇಳಿದಳು, “ಇವತ್ತು ಈಯ್ತದೆ ಕಣವ್ವಾ! ಗಿಣ್ಣು ಕೊಡ್ತೀನಿ, ಬಟ್ಲು ತೊಳೆದಿಟ್ಕೊ!”

ಹನ್ನೊಂದಕ್ಕೆ ನನ್ನ ಮೀಟಿಂಗ್. ಕಂಪನಿಯ ಮುಖ್ಯಸ್ಥೆಯ ಮುಂದೆ ತಿದ್ದುಪಡಿಗಳನ್ನೆಲ್ಲ ನಾನೇ ಓದಿ ಹೇಳಬೇಕಿತ್ತು. ಸ್ಕ್ರೀನಿನ ಇನ್ನೊಂದು ಚೌಕದಲ್ಲಿ ನಮ್ಮ ಜೊತೆ ಕೆಲಸ ಮಾಡುವ ವಯನಾಡಿನ ಹುಡುಗಿ. ಅವಳ ಬೆನ್ನ ಹಿಂದಿನ ಕಿಟಕಿ ಬೆಳ್ಳಗಾಗಿತ್ತು. ಕರೆಂಟ್ ಹೋಗಬಹುದು, ಸಾರಿ, ಮೂರು ದಿನದಿಂದ ಒಂದೇ ಸಮ ಸುರಿಯುತ್ತಿದೆ ಎಂದಳು. ನಾನು ತಲೆಯೆತ್ತಿ ಹೊರಗೆ ನೋಡಿದೆ. ಸುಡು ಬಿಸಿಲು. ತೋಡಿದ ಹಳ್ಳದ ತಳದಲ್ಲಿ ತಗಡಿನಂತೆ ಹೊಳೆಯುವ ಒಂದು ಗೆರೆ.

ಬಿಸಿಲ್ಗುದುರೆ ಅಂದುಕೊಂಡೆ ಎಂದು ಬರೆಯಬಹುದು. ಬರೆಯುವುದಿಲ್ಲ. ಅದು ನೀರು ಎಂದು ಆ ಗಳಿಗೆಯೇ ಗೊತ್ತಾಯಿತು. ಹೆಂಗಸು ನನಗೂ ಹಳ್ಳಕ್ಕೂ ಬೆನ್ನು ಹಾಕಿ, ಕಟ್ಟೆಯ ಕಡೆ ಮುಖ ಮಾಡಿ, ಹಸುವಿನ ಬೆನ್ನು ನೀವುತ್ತಾ ಕೂತಿದ್ದಳು. ಮೈಕ್ ಮ್ಯೂಟ್ ಮಾಡಿ ಒಂದು ಕೂಗು ಹಾಕಿದ್ದರೆ ಸಾಕಿತ್ತು. ಆದರೆ ಅಷ್ಟರಲ್ಲಿ ನನ್ನ ಸರದಿ ಬಂತು. ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಬೆತ್ತ ಹಿಡಿದು ಕಲಿಸಿದ ಮ್ಯಾನರ್ಸ್ ಮೈಯಲ್ಲಿ ಕೂತಿದೆಯಲ್ಲ, ಮಾತಿನ ಮಧ್ಯೆ ಎದ್ದು ಹೋಗುವುದು ಅಸಭ್ಯತೆ. ಮುಗಿಸಿಯೇ ಏಳೋಣ, ನಾಲ್ಕು ದಿನ ಇದೆಯಲ್ಲ ಎಂದು ಅವಳ ಲೆಕ್ಕವನ್ನೇ ನನಗೂ ಹೇಳಿಕೊಂಡೆ. ಕಾಮಾ ಎಲ್ಲಿ, ಸೆಮಿಕೋಲನ್ ಎಲ್ಲಿ ಎಂದು ಮುಕ್ಕಾಲು ಗಂಟೆ ಓದಿದೆ. ಓದುತ್ತಲೇ ನೋಡುತ್ತಿದ್ದೆ. ಗೆರೆ ಅಗಲವಾಗುತ್ತಿತ್ತು. ಸದ್ದಿರಲಿಲ್ಲ.

ಥ್ಯಾಂಕ್ಯೂ ಹೇಳಿ ಹೊರಗೆ ಓಡಿದಾಗ ಹಳ್ಳ ಅರ್ಧ ತುಂಬಿತ್ತು.

“ನೀರು! ನೀರು ಬಂತು!”

“ಎಲ್ಲವ್ವ ನೀರು? ಕಟ್ಟೇನೇ ಮುಟ್ಟಿಲ್ಲ, ಇನ್ನಾ ನಾಕ್ ದಿನ ಅದೆ,” ಎಂದು ಕಟ್ಟೆಯ ಕಡೆ ಕೈ ತೋರಿಸಿ ನಕ್ಕಳು. ಕಟ್ಟೆ ಬಿಸಿಲಿನಲ್ಲಿ ಒಣಗಿ ನಿಂತಿತ್ತು.

“ನಿನ್ನ ಹಿಂದೆ! ಹಿಂದೆ ನೋಡು!”

ತಿರುಗಿದಳು. ಎದ್ದು ದಿಬ್ಬದ ಅಂಚಿಗೆ ಬಂದಳು. ಆಮೇಲೆ, “ಸಿವನೇ, ಇದ್ಯಾವ ದಾರೀಲಿ ಬಂತು,” ಎಂದಳು. ಆಗಲೂ ಸೊಂಟದುದ್ದದ ನೀರು, ದಾಟಬಹುದಿತ್ತು. ಬಾ ಬಾ ಎಂದು ನಾನು ಕಿರುಚಿದೆ. ಕರುವಿನ ಮುಂಗಾಲು ಹೊರಗೆ ಬಂದಿದ್ದವು.

“ಇದ್ನ ಇಂಗೆ ಬುಟ್ಬುಟ್ಟು ಎಂಗವ್ವ ಬರಾನೆ? ಓಗು, ಮ್ಯಾಲೆ ಮೀನೋರವ್ರೆ, ಅರಿಗೋಲು ತರಕೇಳು. ಬಿರ್ನೆ ಓಗು!”

ವ್ಯಾನ್ ಜಾರುತ್ತಾ ಹತ್ತಿತು. ಮೀನು ಹಿಡಿಯುವ ಇಬ್ಬರು ಸಿಕ್ಕಿ, ಹರಿಗೋಲು ಹೊತ್ತು ಬರುವಷ್ಟರಲ್ಲಿ ಗಂಟೆಯ ಮೇಲಾಗಿತ್ತು. ನಾಲ್ಕು ದಿನದ ನೀರು ಒಂದೇ ಹಗಲಲ್ಲಿ ಬಂದಿತ್ತು; ಕಟ್ಟೆ ಮುಳುಗಿ, ದಿಬ್ಬ ಚಾಪೆಯಷ್ಟಾಗಿತ್ತು. ಕರು ಹುಟ್ಟಿತ್ತು. ಹಸು ಏಳಲಿಲ್ಲ. ಆಕೆ ಅದರ ಕೋಡು ಹಿಡಿದು ಎಳೆಯುತ್ತಿದ್ದಳು, ಬಾಲ ತಿರುಚುತ್ತಿದ್ದಳು, ಕೊನೆಗೆ ಹೊಡೆದಳು. ಅದು ಕತ್ತು ಮಾತ್ರ ಎತ್ತುತ್ತಿತ್ತು.

“ಅಸ ಇದ್ರಲ್ಲಿ ಇಡ್ಸಾಕಿಲ್ಲ ಕಣಮ್ಮೋ, ಕರ ಎತ್ಕೊಂಡು ಅರಿಗೋಲು ಅತ್ಕೊ, ನೀನೂ ಸಾಯ್ತೀಯಾ!” ಎಂದು ಒಬ್ಬ ಗದರಿ ರೆಟ್ಟೆ ಹಿಡಿದು ಎಳೆದುಕೊಂಡ. ಹರಿಗೋಲು ಸುತ್ತುತ್ತಾ ದಡದ ಕಡೆ ಬಂತು. ಹಿಂದೆ ಸ್ವಲ್ಪ ಹೊತ್ತು ಎರಡು ಕೋಡು ಕಂಡವು. ಆಕೆ ತಿರುಗಿ ನೋಡಲಿಲ್ಲ, ನಾನು ನೋಡಿದೆ.

ಎದೆಗೆ ಕರುವನ್ನು ಅವಚಿಕೊಂಡು ಇಳಿದಳು. ಸೀರೆಯ ತುಂಬ ರಕ್ತ, ಕೆಸರು. ನನ್ನ ಬೆಡ್‌ಶೀಟ್ ತಂದು ಹೊದಿಸಲು ಹೋದೆ.

“ನಿಂಗೆ ಯಾವಾಗ ಕಂಡಿದ್ದು ನೀರು?” ಎಂದಳು.

ಈಗಷ್ಟೇ ಎನ್ನಬಹುದಿತ್ತು. “ಕೆಲಸಕ್ಕೆ ಕೂತಾಗಲೇ,” ಎಂದೆ.

ನನ್ನ ಮುಖವನ್ನೇ ನೋಡಿದಳು. ಅವಳ ತೋಳಿನಲ್ಲಿ ಕರು ಮೊಲೆ ಹುಡುಕುತ್ತಾ ಸೆರಗನ್ನು ಬಾಯಿಗೆ ಎಳೆದುಕೊಳ್ಳುತ್ತಿತ್ತು.

“ಕರ ನಡುಗ್ತಾ ಅದೆ. ದಾರಿ ಬುಡಿ,” ಎಂದಳು. ಅಷ್ಟು ದಿನ ನೀನು ಎನ್ನುತ್ತಿದ್ದವಳು.

ಪಕ್ಕಕ್ಕೆ ಸರಿದೆ. ಬರಿಗಾಲಲ್ಲಿ ಏರು ಹತ್ತಿ, ರಸ್ತೆಗೆ ಸೇರಿ, ಬೇಗೂರಿನ ಕಡೆಗೆ ಹೊರಳಿದಳು. ಆಮೇಲೆ ಆಕೆಯನ್ನು ನಾನು ನೋಡಲಿಲ್ಲ.