ಮೀನು ತೊಳೆದ ನೀರು

ಕೋಡಿಬಾಗದ ನಮ್ಮ ಚಾಳಿನಲ್ಲಿ ಹಸಿರು ಕಾಣುವುದು ನನ್ನ ಬಾಗಿಲ ಮುಂದೆ ಮಾತ್ರ. ಮೀನಿನವರು ಬಿಸಾಡಿದ ಥರ್ಮಾಕೋಲ್ ಪೆಟ್ಟಿಗೆಗಳನ್ನು ಹೊತ್ತು ತಂದು, ತಳಕ್ಕೆ ತೂತು ಕೊರೆದು, ಮಣ್ಣು ತುಂಬಿ ಬಸಳೆ, ಹರಿವೆ, ಮೆಣಸು ಹಾಕಿದ್ದೇನೆ. ಅಂಕೋಲೆಯ ಗದ್ದೆ ಮನೆಯಲ್ಲಿ ಹುಟ್ಟಿದವಳಿಗೆ ಪೇಟೆಯ ಸೊಪ್ಪು ಕೊಳ್ಳಲು ಮನಸ್ಸು ಬಾರದು. ಮನೆಗೆಲಸದ ಸಂಬಳದಲ್ಲಿ ದಿನಾ ಕೊಳ್ಳಲು ಆಗುವುದೂ ಇಲ್ಲ.

ಪಕ್ಕದ ಕೋಣೆಯವಳು ಮೀನು ಮಾರುವವಳು, ನನ್ನ ಹಾಗೆಯೇ ಗಂಡ ತೀರಿಕೊಂಡವಳು. ದಿನಾ ಮಧ್ಯಾಹ್ನ ತನ್ನ ಮನೆಯ ಮೀನು ತೊಳೆದ ನೀರನ್ನು ನನ್ನ ಬಸಳೆ ಬುಡಕ್ಕೆ ಹೊಯ್ದು, "ಅಕ್ಕಾ, ನಿನ್ನ ಬಳ್ಳಿಗೆ ಊಟ ಹಾಕ್ದೆ" ಎಂದು ಕೂಗುತ್ತಿದ್ದಳು. ಬೇಕಾದಷ್ಟು ಬಸಳೆ ಕೇಳದೆ ಕೊಯ್ದುಕೊಳ್ಳುತ್ತಿದ್ದಳು. ಮಳೆಗಾಲದಲ್ಲಿ ದೋಣಿ ಇಳಿಯದ ಎರಡು ತಿಂಗಳು ಅವಳಿಗೆ ಮಾರಲು ಮೀನಿಲ್ಲ. ಆಗ ನನ್ನ ಬಸಳೆ, ಅವಳ ಡಬ್ಬಿಯ ಒಣ ಸೀಗಡಿ ಒಂದೇ ಪಾತ್ರೆಯಲ್ಲಿ ಬೇಯುತ್ತಿದ್ದವು. ಹೊಸ್ತಿಲಲ್ಲಿ ಕೂತು ಇಬ್ಬರೂ ಉಣ್ಣುತ್ತಿದ್ದೆವು.

ಹೋದ ವರ್ಷ ಮಳೆ ಹಿಡಿಯುವ ಮುಂಚೆ, ತವರಿನಿಂದ ತಂದ ಹರಿವೆ ಬೀಜ ಬಿತ್ತಿದ್ದೆ. ಮೀನಿನ ವಾಸನೆಗೆ ಬಂದ ಬೆಕ್ಕು ಎಳೆ ಸಸಿಗಳನ್ನೆಲ್ಲ ಕೆದರಿ ಹಾಕಿತು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಬೆಕ್ಕಿಗೆ ಬೈಯುವುದು ಬಿಟ್ಟು ಅವಳಿಗೆ ಬೈದೆ.

"ನಿನ್ನ ನಾತದ ನೀರು ನಿನ್ನ ಬಾಗ್ಲಲ್ಲೇ ಹೊಯ್ಕೋ ಮಾರಾಯ್ತಿ!"

"ಆಯ್ತೇ ಅಕ್ಕಾ" ಎಂದಳು, ಅಷ್ಟೆ. ಮರುದಿನದಿಂದ ಅವಳು ನೀರು ಹೊಯ್ಯಲಿಲ್ಲ. ಬಸಳೆಯನ್ನೂ ಮುಟ್ಟಲಿಲ್ಲ.

ಮಳೆ ಬಂತು, ದೋಣಿಗಳು ದಡ ಸೇರಿದವು. ಬಳ್ಳಿ ಮಾಡಿನವರೆಗೆ ಹಬ್ಬಿತು. ಅವಳು ಬರೀ ಗಂಜಿಗೆ ಉಪ್ಪು ಹಾಕಿಕೊಂಡು ಉಣ್ಣುವುದು ಕಿಟಕಿಯಿಂದ ಕಾಣುತ್ತಿತ್ತು. ಕೇಳಲಿ, ಕೊಡುತ್ತೇನೆ ಎಂದುಕೊಂಡೆ. ನಮ್ಮಿಬ್ಬರಲ್ಲಿ ಕೇಳಿ ಕೊಯ್ಯುವ ಪದ್ಧತಿ ಯಾವತ್ತೂ ಇರಲಿಲ್ಲ. ಅದು ಗೊತ್ತಿದ್ದೂ ಕಾದೆ. ಕೊನೆಗೊಂದು ದಿನ ತಡೆಯಲಾರದೆ ಕೈತುಂಬ ಕೊಯ್ದು ಅವಳ ಬಾಗಿಲಿಗೆ ಹೋದರೆ ಬೀಗ.

"ಕೇಣಿಗೆ ಮಗಳ ಮನೆಗೆ ಹೋದ್ಲು. ಇನ್ ಅಲ್ಲೇ ಇರ್ತಾಳಂತೆ. ನಿಂಗೆ ಹೇಳ್ಲಿಲ್ವನೇ?" ಎಂದಳು ಎದುರು ಕೋಣೆಯವಳು.

ಆ ಸೊಪ್ಪು ಹಿಡಿದು ಬೀಗದ ಮುಂದೆ ನಿಂತ ನಾಚಿಕೆ ಇನ್ನೂ ಹೋಗಿಲ್ಲ. ಹೊಸ್ತಿಲಲ್ಲಿ ಒಬ್ಬಳೇ ಕೂತು ಉಣ್ಣಲಾಗದೆ ಒಳಗೇ ಉಣ್ಣುತ್ತೇನೆ.

ಈಗ ಬಳ್ಳಿಯ ಎಲೆ ಸಣ್ಣದಾಗಿದೆ, ದಂಟು ನಾರಾಗಿದೆ. ವಾರಕ್ಕೊಮ್ಮೆ ಎರಡು ಬಂಗಡೆ ತಂದು, ತೊಳೆದ ನೀರನ್ನು ಬುಡಕ್ಕೆ ಹೊಯ್ಯುತ್ತೇನೆ. ಒಬ್ಬಳ ಮೀನು ತೊಳೆದ ನೀರು ಒಂದು ಪೆಟ್ಟಿಗೆಯ ಮಣ್ಣು ನೆನೆಯಲೂ ಸಾಲುವುದಿಲ್ಲ.